ಹದಿಹರೆಯದ ಮಾಂಟೆಸ್ಸರಿಗೆ ದಂಡಿನ ನೆಲ

1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸ್ಸರಿ ಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲೇ ಉಳಿದರು. ನಮ್ಮಲ್ಲಿ ಅವರ ಹೆಸರು ಶಿಶುವಿಹಾರದ ಬೋರ್ಡಿಗಷ್ಟೇ ಅಂಟಿಕೊಂಡಿತು. ಹನ್ನೆರಡು ದಾಟಿದವರಿಗೆ ಅವರು ಹೇಳಿದ್ದು ಹೊಲ, ಹಾಸ್ಟೆಲು, ಬೆಳೆದದ್ದನ್ನು ಮಾರುವ ಅಂಗಡಿ. ಜಮೀನಿಲ್ಲದ ಪಟ್ಟಣದಲ್ಲಿ ಇದೆಲ್ಲಿ ಸಾಧ್ಯ ಎನ್ನುವವರು ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆ ನೋಡಬೇಕು. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷ್ ಸೇನೆ ನೆಲೆಯೂರಿದ ಮೇಲೆ ಅದರ ಹೊಟ್ಟೆ ತುಂಬಿಸಲೆಂದೇ ಸುತ್ತ ಪೇಟೆ ಬೆಳೆಯಿತು; ಶಿವಾಜಿನಗರದ 1927ರ ರಸೆಲ್ ಮಾರ್ಕೆಟ್ ಅದೇ ಪರಂಪರೆಯದು. ಅಲ್ಲಿ ಸಗಟು ದರ, ಚಿಲ್ಲರೆ ದರ ಬರೆದುಕೊಂಡು, ಕೊಳೆತ ಟೊಮೇಟೊ ಕಳೆದು ಲಾಭ ಹುಡುಕುವ ಹುಡುಗಿಗೆ ಶೇಕಡಾ ಲೆಕ್ಕ ತಾನಾಗಿ ಒಲಿಯುತ್ತದೆ. ಮಳೆಗಾಲಕ್ಕೆ ಹಲಸೂರು ಕೆರೆಯ ನೀರಿನ ಮಟ್ಟ, ಸುಗ್ಗಿಗೆ ಕೆ.ಆರ್. ಪುರದ ಸಂತೆ: ವರ್ಷದ ಯೋಜನೆ ಹೀಗೆ ಹೆಣೆಯಬಹುದು.

ಇಂಥ ಯೋಜನೆಯಿಂದ ಎಸ್ಸೆಸ್ಸೆಲ್ಸಿಗೆ ಹೊಡೆತ ಬೀಳುತ್ತದೆಂಬ ಆತಂಕ ಸುಳ್ಳಲ್ಲ. ಅದಕ್ಕೇ ಇದನ್ನು ನಡೆಸಲು ಎಂಟನೇ ತರಗತಿಯ ವರ್ಷ ಮೇಲು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಬಡವರ ಮಕ್ಕಳು ಅಂಗಡಿಯಲ್ಲಿ ದುಡಿದರೆ ತಪ್ಪು, ಉಳ್ಳವರ ಮಕ್ಕಳಿಗೆ ಅದೇ ಶಿಕ್ಷಣವೇ? ಮಾಂಟೆಸ್ಸರಿ ಯೋಜನೆಯಲ್ಲಿ ಕೆಲಸ ಓದಿನ ಜಾಗವನ್ನು ಕಸಿಯುವುದಿಲ್ಲ, ಲೆಕ್ಕದ ಪುಸ್ತಕ ಮಾಲೀಕನ ಕೈಯಲ್ಲಿರುವುದಿಲ್ಲ. ಆದರೆ ಇಂಥ ಶಾಲೆಯ ಶುಲ್ಕ ಶಿವಾಜಿನಗರದ ತರಕಾರಿ ಮಾರುವವರ ಮಗುವಿಗೆ ಎಟುಕದಿದ್ದರೆ ಆಕ್ಷೇಪ ಹಾಗೇ ಉಳಿಯುತ್ತದೆ.