ಗಾಜಿನ ಕೊಳವೆಯ ಸಾಕ್ಷ್ಯ ಮತ್ತು ಮೇದೋಜೀರಕ ಗ್ರಂಥಿ

ಪ್ರತಿಕಾಯಗಳಿಂದಾಗಿ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮಿನ ಚರಿತ್ರೆಯನ್ನು ಸಾಮಾನ್ಯವಾಗಿ 1983ರ ಲಂಡನ್ನಿನಿಂದ, ಗ್ರಹಾಂ ಹ್ಯೂಸ್ ಅವರ ತಂಡದಿಂದ ಶುರುಮಾಡುತ್ತಾರೆ. ಅದಕ್ಕೂ ಮೂರು ದಶಕ ಮೊದಲು ನಡೆದ ಒಂದು ತಪ್ಪು ಗ್ರಹಿಕೆಯನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು ಎಂಬುದು ನನ್ನ ವಾದ.

1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್ ಲೂಪಸ್ ಇದ್ದ ಇಬ್ಬರು ರೋಗಿಗಳ ವರದಿ ಪ್ರಕಟಿಸಿದರು. ಆ ರೋಗಿಗಳ ರಕ್ತ ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟಲು ತಡವಾಗುತ್ತಿತ್ತು. ರಕ್ತದಲ್ಲಿ ಏನೋ ತಡೆವಸ್ತು ಇದೆ ಎಂದ ವರದಿಗಾರರ ಮಾತು ಸರಿ. ಅದೇ ರಕ್ತಸ್ರಾವ ತರುತ್ತದೆ ಎಂದದ್ದು ಮಾತ್ರ ನಿಲ್ಲಲಿಲ್ಲ. ಇಂಥವರಲ್ಲಿ ಕೆಲವರಿಗೆ ಪ್ರೋತ್ರಾಂಬಿನ್ ಕೊರತೆಯೂ ಇರುತ್ತದೆಂದು 1960ರಲ್ಲಿ ರಾಪಾಪೋರ್ಟ್ ತಂಡ ತೋರಿಸಿತು. ರಕ್ತ ಸೋರುವುದಕ್ಕೆ ಅದು ಸಾಕು. 1963ರಲ್ಲಿ ಬೋವಿ ಮತ್ತು ಸಂಗಡಿಗರು ತಡೆವಸ್ತು ಇದ್ದವರ ರಕ್ತನಾಳಗಳಲ್ಲೇ ಹೆಪ್ಪು ಕಂಡರು. ಈ ವರದಿಗೆ ಸಿಗಬೇಕಾದ ಮನ್ನಣೆ ಆಗ ಸಿಗಲಿಲ್ಲ.

ಕೊಳವೆಯಲ್ಲಿ ತಡ, ದೇಹದಲ್ಲಿ ಹೆಪ್ಪು ಎಂಬ ಈ ವೈರುಧ್ಯಕ್ಕೆ ಕಾರಣವಿದೆ. ಹೆಪ್ಪುಗಟ್ಟಲು ಬೇಕಾದ ಫಾಸ್ಫೊಲಿಪಿಡ್ ಕೊಳವೆಯಲ್ಲಿ ಇರುವುದು ಅಳತೆಯಷ್ಟೇ. ತಡೆವಸ್ತುವಾದ ಪ್ರತಿಕಾಯ ಅದನ್ನು ಹಿಡಿದಿಟ್ಟುಕೊಂಡರೆ ಹೆಪ್ಪು ತಡವಾಗುತ್ತದೆ. ಫಾಸ್ಫೊಲಿಪಿಡ್ ಹೆಚ್ಚು ಹಾಕಿದರೆ ಆ ವಿಳಂಬ ಸರಿಹೋಗುತ್ತದೆ. ದೇಹದೊಳಗೆ ಅದೇ ಪ್ರತಿಕಾಯ ಬೀಟಾ-2 ಗ್ಲೈಕೊಪ್ರೋಟೀನ್-1 ಎಂಬ ಪ್ರೋಟೀನಿನ ಮೂಲಕ ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪುಗಟ್ಟಿಸುತ್ತದೆ.

ಮೇದೋಜೀರಕದ ಸೂಕ್ಷ್ಮ ರಕ್ತನಾಳಗಳು ಹೀಗೆ ಕಟ್ಟಿಕೊಂಡರೆ ಗ್ರಂಥಿ ಊದುತ್ತದೆ, ಅದರ ಭಾಗಗಳು ಸಾಯುತ್ತವೆ. ಆಶರ್‌ಸನ್ 1992ರಲ್ಲಿ ಹೆಸರಿಟ್ಟ, ಹಲವು ಅಂಗಗಳನ್ನು ಒಮ್ಮೆಲೇ ಕೆಡಿಸುವ ಉಗ್ರರೂಪದಲ್ಲಿ ಈ ಗ್ರಂಥಿಯೂ ಸಿಕ್ಕಿಬೀಳುವುದುಂಟು. ಗ್ರಂಥಿ ಊದಿದೆ, ಆದರೆ ಅದರ ಸಾಮಾನ್ಯ ಕಾರಣಗಳಾದ ಪಿತ್ತಕೋಶದ ಕಲ್ಲಿಲ್ಲ, ಕುಡಿತವಿಲ್ಲ, ಕೊಳವೆಯಲ್ಲಿ ಹೆಪ್ಪುಗಟ್ಟುವ ಸಮಯ ಅಳೆಯುವ ಎಪಿಟಿಟಿ ಮಾತ್ರ ಏರಿದೆ. ಅಂಥ ರೋಗಿಗೆ ಆ ಅಂಕಿಯೊಂದನ್ನೇ ನೋಡಿ ಹೆಪ್ಪು ತಡೆಯುವ ಔಷಧಿಯಾದ ಹೆಪಾರಿನ್ ತಡೆಹಿಡಿದರೆ 1952ರ ತಪ್ಪೇ ಮರುಕಳಿಸುತ್ತದೆ. (ಗ್ರಂಥಿಯಲ್ಲಿ ನಿಜವಾಗಿ ರಕ್ತ ಸೋರುತ್ತಿದ್ದರೆ ಮಾತು ಬೇರೆ.)

ಇದಕ್ಕೆ ವಿರುದ್ಧವಾದ ಅವಸರವನ್ನೂ ನಾನು ಒಪ್ಪುವುದಿಲ್ಲ. ಪ್ರತಿಕಾಯ ಸಿಕ್ಕಿತು, ಆದ್ದರಿಂದ ಅದೇ ಕಾರಣ ಎನ್ನುವವರು ಬೆಂಗಳೂರಿನ ಮಾಗಡಿ ರಸ್ತೆಯ ಕುಷ್ಠರೋಗ ಆಸ್ಪತ್ರೆಯನ್ನು ನೆನೆಯಬೇಕು. ಸಿಫಿಲಿಸ್ ಇಲ್ಲದ ಕುಷ್ಠರೋಗಿಗಳ ರಕ್ತವೂ ಸಿಫಿಲಿಸ್ ಪತ್ತೆಯ ವಾಸರ್‌ಮನ್ ಪರೀಕ್ಷೆಯಲ್ಲಿ ಪಾಸಿಟಿವ್ ಬರುವುದು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಗೊತ್ತಿದ್ದ ಸಂಗತಿ. ಆ ಪರೀಕ್ಷೆ ಹಿಡಿಯುವ, ಕಾರ್ಡಿಯೊಲಿಪಿನ್ ಎಂಬ ಫಾಸ್ಫೊಲಿಪಿಡ್ ವಿರುದ್ಧದ ಪ್ರತಿಕಾಯಗಳು ಅವರಲ್ಲಿ ಹೇರಳ. ಬಹುಪಾಲು ಮಂದಿಗೆ ಹೆಪ್ಪಿನ ಕಾಯಿಲೆ ಮಾತ್ರ ಬರುವುದಿಲ್ಲ. ಸಿಂಡ್ರೋಮಿನ ಚರಿತ್ರೆಕಾರರು ಈ ರೋಗಿಗಳನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಅನ್ಯಾಯ. ಪ್ರತಿಕಾಯ ಇರುವುದು ಬೇರೆ, ಅದು ರೋಗ ತರುವುದು ಬೇರೆ ಎಂಬುದಕ್ಕೆ ಅವರೇ ಮೊದಲ ಪುರಾವೆ.

ಸಿಂಡ್ರೋಮ್ ಎನ್ನಲು ಪ್ರತಿಕಾಯ ಕನಿಷ್ಠ 12 ವಾರಗಳ ಅಂತರದಲ್ಲಿ ಮತ್ತೆ ಕಾಣಬೇಕೆಂಬ 2006ರ ಸಿಡ್ನಿ ನಿಯಮದ ಬೆಲೆ ಇಲ್ಲಿದೆ. ಚಿಕಿತ್ಸೆ ಅಷ್ಟು ದಿನ ಕಾಯಬೇಕಿಲ್ಲ. ಮೇದೋಜೀರಕದ ಊತಕ್ಕೆ ಈ ಸಿಂಡ್ರೋಮೇ ಕಾರಣವೆಂಬ ತೀರ್ಪು ಕಾಯಲೇಬೇಕು.