ಗಡಸು ಉಕ್ಕನ್ನು ಕಡೆಯುವ ಉಳಿಗಳು: ಶಾಖದೊಡನೆ ನೂರು ವರ್ಷಗಳ ಸೆಣಸಾಟ

ಕೆಂಪಗೆ ಕಾಯಿಸಿ, ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿ ಗಡಸುಗೊಳಿಸಿದ ಉಕ್ಕನ್ನು ಲೇತ್ ಯಂತ್ರದಲ್ಲಿ ಕಡೆಯಬಲ್ಲ ಉಳಿಯ ಇತಿಹಾಸವು ಬಹುಮಟ್ಟಿಗೆ ಶಾಖವನ್ನು ತಾಳುವ ವಸ್ತುವಿನ ಹುಡುಕಾಟದ ಇತಿಹಾಸವೇ ಆಗಿದೆ. ಹಳೆಯ ಇಂಗಾಲದುಕ್ಕಿನ ಉಳಿಗಳು ತಣ್ಣಗಿರುವಾಗ ಗಟ್ಟಿಯಾಗಿದ್ದರೂ, ಶಾಖವು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಹದ ಕಳೆದುಕೊಂಡು ಮೊಂಡಾಗುತ್ತಿದ್ದವು. ಆದ್ದರಿಂದ ಉಕ್ಕು ಮೆದುವಾಗಿರುವಾಗಲೇ ಅದನ್ನು ಕಡೆದು, ಬಳಿಕ ಗಡಸುಗೊಳಿಸಿ, ಕೊನೆಯ ಅಳತೆಯನ್ನು ಸಾಣೆಚಕ್ರದಿಂದ ಸಾಧಿಸುವುದು ರೂಢಿಯಾಯಿತು.

1868ರಲ್ಲಿ ಇಂಗ್ಲೆಂಡಿನ ರಾಬರ್ಟ್ ಮುಷೆಟ್ ಟಂಗ್‌ಸ್ಟನ್ ಬೆರೆಸಿ, ನೀರಿಗೆ ಅದ್ದದಿದ್ದರೂ ಗಾಳಿಯಲ್ಲಿ ಆರುತ್ತಲೇ ಗಡಸಾಗುವ ಉಕ್ಕನ್ನು ರೂಪಿಸಿದನು. ಅಮೆರಿಕದ ಬೆತ್ಲೆಹೆಮ್ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಇಂಥ ಮಿಶ್ರಲೋಹವನ್ನು ಕರಗುವ ಹಂತದ ಸಮೀಪದವರೆಗೆ ಕಾಯಿಸಿ ಹದಗೊಳಿಸುವ ವಿಧಾನವನ್ನು ಕಂಡುಕೊಂಡರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಉಳಿಯ ಮೊನೆ ಕೆಂಪಗೆ ಕಾದಿದ್ದರೂ ಉಕ್ಕನ್ನು ಕಡೆಯುತ್ತಲೇ ಇತ್ತು. ಹೈಸ್ಪೀಡ್ ಸ್ಟೀಲ್ ಎಂದು ಹೆಸರಾದ ಈ ಬಗೆಯ ಉಕ್ಕು ಸುಮಾರು 600 ಡಿಗ್ರಿಯವರೆಗೆ ಹದ ಉಳಿಸಿಕೊಳ್ಳುತ್ತದೆಯಾದರೂ, ಅದರ ಗಡಸುತನವು ಪೂರ್ತಿ ಗಡಸುಗೊಂಡ ಉಕ್ಕಿನಷ್ಟೇ ಇರುವುದರಿಂದ ಅಂಥ ಉಕ್ಕಿನ ಮೇಲೆ ಅದರ ಆಟ ನಡೆಯದು.

1923ರಲ್ಲಿ ಜರ್ಮನಿಯ ಕಾರ್ಲ್ ಶ್ರೋಟರ್, ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನೊಡನೆ ಒತ್ತಿ ಕಾಯಿಸಿ ಒಂದುಗೂಡಿಸಿದನು. ವಿದ್ಯುದ್ದೀಪದ ತಂತಿ ಎಳೆಯುವ ಅಚ್ಚುಗಳ ಅಗತ್ಯದಿಂದ ಹುಟ್ಟಿದ ಈ ವಸ್ತುವನ್ನು ಕ್ರುಪ್ ಕಂಪನಿಯು ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ವಿಡಿಯಾದ ಭಾರತೀಯ ಕಂಪನಿಯು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಉಕ್ಕಿನ ಹಿಡಿಗೆ ಬೆಸೆದ ಅಥವಾ ತಿರುಪಿನಿಂದ ಬಿಗಿದ ಕಾರ್ಬೈಡ್ ತುಂಡು ಶಾಖವನ್ನು ಚೆನ್ನಾಗಿ ತಾಳುತ್ತದೆ. ಆದರೆ ಪೆಟ್ಟು ಬಿದ್ದರೆ ಅದರ ಅಂಚು ಸಿಡಿಯುತ್ತದೆ.

ಇನ್ನೂ ಗಡಸಾದ ವಜ್ರವು ಇಂಗಾಲವೇ ಆದುದರಿಂದ ಕಾದ ಕಬ್ಬಿಣದೊಡನೆ ವರ್ತಿಸಿ ಬೇಗ ಸವೆಯುತ್ತದೆ. ಈ ತೊಡಕಿಗೆ ಉತ್ತರವಾದುದು 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ವೆಂಟೋರ್ಫ್ ಅತಿಯಾದ ಒತ್ತಡ ಮತ್ತು ಶಾಖದಲ್ಲಿ ತಯಾರಿಸಿದ ಕ್ಯೂಬಿಕ್ ಬೋರಾನ್ ನೈಟ್ರೈಡ್. 1969ರಲ್ಲಿ ಮಾರುಕಟ್ಟೆಗೆ ಬಂದ ಈ ವಸ್ತುವಿನಿಂದಾಗಿ, ವಜ್ರದ ಶಂಕು ಲೋಹದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆಂಬುದರಿಂದ ಗಡಸುತನವನ್ನು ಅಳೆಯುವ ರಾಕ್‌ವೆಲ್ ಸಿ ಮಾಪನದಲ್ಲಿ 60ನ್ನು ಮೀರಿದ ಉಕ್ಕನ್ನೂ ಸಾಣೆಯ ಹಂಗಿಲ್ಲದೆ ಕಡೆಯುವುದು ಸಾಧ್ಯವಾಯಿತು.

ಆದರೆ ಈ ಪ್ರಗತಿಯೆಲ್ಲವೂ ಅಲುಗಾಡದ ಭಾರಿ ಯಂತ್ರಗಳನ್ನು ನಂಬಿ ನಡೆದದ್ದು. ಮನೆಯ ಕಾರ್ಯಾಗಾರದ ಹಗುರ ಲೇತಿನಲ್ಲಿ ಕಂಪನ ಹೆಚ್ಚಿರುವುದರಿಂದಲೂ, ಕೀಲಿ ಕೂರಿಸುವ ತೋಡಿರುವ ದಂಡದಲ್ಲಿ ಪ್ರತಿ ಸುತ್ತಿಗೂ ಅಂಚಿಗೆ ಪೆಟ್ಟು ಬೀಳುವುದರಿಂದಲೂ, ಬೆಲೆಬಾಳುವ ಬೋರಾನ್ ನೈಟ್ರೈಡಿನ ತುಂಡು ಅಲ್ಲಿ ಬೇಗನೆ ಸಿಡಿಯಬಹುದು. ಆದುದರಿಂದ ಅಂಥಲ್ಲಿ ಮಧ್ಯಮ ಗಡಸಿನ ಉಕ್ಕಿಗೆ ತೆಳುವಾದ ಕೊಯ್ತದೊಡನೆ ಕಾರ್ಬೈಡನ್ನು ಬಳಸುವುದು, ಅದಕ್ಕೂ ಮೀರಿದ ಗಡಸಿಗೆ ಸಾಣೆಯನ್ನೇ ಆಶ್ರಯಿಸುವುದು ಇಂದಿಗೂ ವಿವೇಕದ ಆಯ್ಕೆ.