ವಯಸ್ಸಾಯ್ತು ಅನ್ನೋ ಮಾತಿನ ಚರಿತ್ರೆ

ನಮ್ಮ ಕೇರಿಗಳಲ್ಲಿ ಅರವತ್ತು ದಾಟಿದ ಕೂಲಿ ಹೆಂಗಸರು ನೆಲಕ್ಕೆ ಕೈಯೂರಿ ಏಳುತ್ತಾರೆ. ತುಂಬಿದ ಕೊಡ ಎತ್ತಲಾಗುವುದಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಯಾಕೆ ಹಿಂಗಾಯ್ತು ಅಂತ ಕೇಳಿದರೆ ‘ವಯಸ್ಸಾಯ್ತಲ್ಲ’ ಅನ್ನುವ ಒಂದೇ ಉತ್ತರ. ಜಾತಿ ಹಣೆಬರಹ ಅಂದಾಗ ನಾವು ಒಪ್ಪಲಿಲ್ಲ. ಮುಪ್ಪಿನ ನಿತ್ರಾಣ ಹಣೆಬರಹ ಅಂದಾಗ ಮಾತ್ರ ಸುಮ್ಮನೆ ತಲೆ ಆಡಿಸಿದೆವು. ಆದರೆ ಈ ನಿತ್ರಾಣಕ್ಕೂ ಕಾರಣಗಳಿವೆ, ಆ ಕಾರಣಗಳನ್ನು ಕಂಡುಕೊಂಡ ಚರಿತ್ರೆಯೂ ಇದೆ.

೧೯೮೮ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ನಡೆದ ಸಭೆಯೊಂದರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಒಂದು ಮಾತು ಎತ್ತಿದರು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಇಷ್ಟು ದೊಡ್ಡ ನಷ್ಟಕ್ಕೆ ಒಂದು ಹೆಸರಿಲ್ಲದಿದ್ದರೆ ಯಾರೂ ಗಮನ ಕೊಡುವುದಿಲ್ಲ ಎಂದರು. ಗ್ರೀಕ್ ಭಾಷೆಯಿಂದ ಅವರು ಕೂಡಿಸಿದ ಹೆಸರು ಸಾರ್ಕೊಪೀನಿಯಾ. ಸಾರ್ಕ್ಸ್ ಎಂದರೆ ಮಾಂಸ. ಪೀನಿಯಾ ಎಂದರೆ ಕೊರತೆ, ಬಡತನ. ಮಾಂಸಖಂಡದ ಬಡತನ! ಅಮೆರಿಕದ ರೋಗಗಳ ಪಟ್ಟಿಯಲ್ಲಿ ಇದಕ್ಕೆ ತನ್ನದೇ ಸಂಖ್ಯೆ ಸಿಕ್ಕಿದ್ದು ೨೦೧೬ರಲ್ಲಿ, ಅಂದರೆ ೨೮ ವರ್ಷ ಕಳೆದ ಮೇಲೆ.

ಈ ನಡುವೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತಿಸಿದರು. ಎಂಟು ವಾರ ಪೂರೈಸಿದವರು ಒಂಬತ್ತು ಮಂದಿ. ಅವರ ಕಾಲಿನ ಬಲ ಸರಾಸರಿ ಶೇಕಡಾ ೧೭೪ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟರು. ೧೯೯೦ರಲ್ಲಿ ಇದು ಪ್ರಕಟವಾದಾಗ, ಮುದಿ ಮಾಂಸಖಂಡ ಇನ್ನು ಬೆಳೆಯುವುದಿಲ್ಲ ಎಂಬ ನಂಬಿಕೆ ಮುರಿದುಬಿತ್ತು. ೧೯೯೪ರಲ್ಲಿ ಅವರೇ ನೂರು ಮಂದಿಯ ಮೇಲೆ ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಭಾರ ಎತ್ತಿದವರಿಗೆ ಬಲ ಬಂತು. ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಬರಲಿಲ್ಲ. ಡಬ್ಬಿಯ ಪುಡಿ ಮಾರುವವರು ಈ ಮಾತನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ.

ಇಲ್ಲಿ ನಮಗೊಂದು ಪ್ರಶ್ನೆ ಏಳುತ್ತದೆ. ಭಾರ ಎತ್ತಿದರೆ ಬಲ ಬರುವುದಾದರೆ, ಹುಟ್ಟಿದಾಗಿನಿಂದ ಕಲ್ಲು, ಮಣ್ಣು, ಮೂಟೆ ಹೊತ್ತ ನಮ್ಮವರು ಯಾಕೆ ಬೇಗ ಕುಸಿದರು? ಬಾಸ್ಟನ್ನಿನ ಮುದುಕರು ಎತ್ತಿದ್ದು ಅಳೆದ ಭಾರ, ವಾರಕ್ಕೆ ಮೂರು ದಿನ. ಮಿಕ್ಕ ದಿನ ವಿಶ್ರಾಂತಿ, ಹೊತ್ತುಹೊತ್ತಿಗೆ ಊಟ. ನಮ್ಮವರದು ಹೊತ್ತು ಮುಳುಗುವವರೆಗೆ ಹಸಿದ ಹೊಟ್ಟೆಯ ದುಡಿತ. ಹೊಟ್ಟೆಗೆ ಸಾಲದಾದಾಗ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ದಣಿಯ ಹೊಲಕ್ಕೆ ನಾವು ಸುರಿದದ್ದು ಬೆವರನ್ನಷ್ಟೇ ಅಲ್ಲ.

ಹಾಗಾದರೆ ಊಟ ಎಷ್ಟಿರಬೇಕು? ಅದನ್ನು ಯಾರ ಮೈಯಿಂದ ಅಳೆದರು? ಕಳೆದ ಶತಮಾನದ ನಡುವಿನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ತಮ್ಮ ಗಂಡು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ ಲೆಕ್ಕ ಹಾಕಿದ್ದರು. ಅಂಥ ಲೆಕ್ಕಗಳನ್ನು ಹಿಡಿದೇ ೧೯೮೫ರಲ್ಲಿ ವಿಶ್ವಸಂಸ್ಥೆಯ ಸಮಿತಿ, ದೊಡ್ಡವರಿಗೆ ಲೈಸಿನ್ ಎಂಬ ಸಾರ ಮೈತೂಕದ ಕಿಲೋಗೆ ದಿನಕ್ಕೆ ೧೨ ಮಿಲಿಗ್ರಾಂ ಸಾಕು ಎಂದಿತು. ಅಕ್ಕಿ, ರಾಗಿ, ಜೋಳದಲ್ಲಿ ಕಡಿಮೆ ಇರುವುದು ಈ ಲೈಸಿನ್ನೇ. ಬೇಳೆ, ಹಾಲು, ಮೊಟ್ಟೆ, ಬಾಡಿನಲ್ಲಿ ಅದು ಹೆಚ್ಚು. ಈ ಲೆಕ್ಕವನ್ನು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅನುರ ಕುರ್ಪಾಡ್ ಮತ್ತು ಸಂಗಡಿಗರು ಮತ್ತೆ ಅಳೆದರು. ಆರೋಗ್ಯವಂತ ಭಾರತೀಯರಿಗೇ ೩೦ ಮಿಲಿಗ್ರಾಂ ಬೇಕೆಂದು ಕಂಡಿತು. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಗಂಡಸರಿಗೆ ಸುಮಾರು ೪೪ ಬೇಕೆಂದು ೨೦೦೩ರಲ್ಲಿ ಪ್ರಕಟಿಸಿದರು. ಹೊಟ್ಟೆಯ ಹುಳುಗಳೂ ಈ ಅಗತ್ಯವನ್ನು ಹೆಚ್ಚಿಸುತ್ತವೆ ಎಂದೂ ತೋರಿಸಿದರು. ಇವರು ಮುದುಕರಲ್ಲ, ನಿಜ. ಆದರೆ ಇವರೇ ಅಲ್ಲವೇ ನಾಳೆ ಮುದುಕರಾಗುವವರು? ಚರಂಡಿ ಇಲ್ಲದ ಕೇರಿ, ಬೇಳೆ ಕಾಣದ ಸಾರು, ಮುದುಕರ ಕಾಲು, ಮೂರೂ ಒಂದೇ ಕತೆ.

ಮುದುಕರ ಲೆಕ್ಕ ತಿದ್ದಿದ್ದು ಇನ್ನೂ ತಡವಾಗಿ. ದೊಡ್ಡವರಿಗೆಲ್ಲ ಮೈತೂಕದ ಕಿಲೋಗೆ ೦.೮ ಗ್ರಾಂ ಪ್ರೋಟೀನು ಸಾಕು ಎನ್ನುತ್ತಿದ್ದ ಕಾಲದಲ್ಲಿ, ೨೦೧೩ರಲ್ಲಿ ಹಲವು ದೇಶಗಳ ತಜ್ಞರ ಗುಂಪೊಂದು, ೬೫ ದಾಟಿದವರಿಗೆ ೧ರಿಂದ ೧.೨ ಗ್ರಾಂ ಬೇಕೆಂದಿತು. ಮೂತ್ರಪಿಂಡ ತೀರಾ ಕೆಟ್ಟವರ ಮಾತು ಬೇರೆ. ಅಷ್ಟೇ ಊಟದಿಂದ ಮುದಿ ಮಾಂಸಖಂಡ ಹರೆಯದವರಷ್ಟು ಕಟ್ಟಿಕೊಳ್ಳಲಾರದು, ಅದಕ್ಕೆ ಹೆಚ್ಚು ಬೇಕು. ೫೦ ಕಿಲೋ ತೂಕದ ಅಜ್ಜಿಗೆ ದಿನಕ್ಕೆ ೫೦ರಿಂದ ೬೦ ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಇರುವುದು ಸುಮಾರು ೭ ಗ್ರಾಂ, ಒಂದು ಮೊಟ್ಟೆಯಲ್ಲಿ ೬. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುವ ಅಜ್ಜಿಯ ಲೆಕ್ಕ ಓದುಗರೇ ಮಾಡಿ ನೋಡಲಿ. ನಮ್ಮ ಮಡಕೆಯ ಬಾಡನ್ನು ಹೊಲಸು ಅಂದವರೂ ಮಾಡಲಿ.

೨೦೧೯ರಲ್ಲಿ ಏಷ್ಯಾದ ತಜ್ಞರು ಒಂದು ಸರಳ ಪರೀಕ್ಷೆ ಹೇಳಿದರು. ಕುರ್ಚಿಯಲ್ಲಿ ಕೂತು ಕೈ ಊರದೆ ಐದು ಸಲ ಎದ್ದು ಕೂರಬೇಕು. ೧೨ ಸೆಕೆಂಡು ಹಿಡಿದರೆ ಕಾಲಿನ ಬಲ ಕುಂದಿದೆ ಅಂತ ಅನುಮಾನಿಸಬೇಕು. ಕುರ್ಚಿ! ಗೌಡರ ಎದುರು ಕುರ್ಚಿಯಲ್ಲಿ ಕೂತರೆ ಹೊಡೆತ ತಿನ್ನಬೇಕಾಗಿದ್ದವರ ಮಕ್ಕಳು ನಾವು. ಇವತ್ತು ನಮ್ಮ ಮನೆಯ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ, ಆಸರೆಗೆ ಪಕ್ಕದಲ್ಲಿ ನಿಂತು, ಐದು ಸಲ ಏಳಿಸಿ ನೋಡೋಣ. ಏಳಲಾಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಅಲ್ಲಿ ಮತ್ತೆ ‘ವಯಸ್ಸಾಯ್ತಲ್ಲ’ ಅಂದರೆ, ವಯಸ್ಸಾಗಿರೋದು ನಮಗೂ ಗೊತ್ತು ಸ್ವಾಮಿ, ಹೊಟ್ಟೆಗೆ ಏನು ಬಿತ್ತು ಅಂತ ಯಾಕೆ ಕೇಳಲಿಲ್ಲ ಅಂತ ಕೇಳೋಣ.